ಪುಡಿ ಅಕ್ಕನ ಅಡಚಣೆ ಬೋರ್ಡು

ಹೋದ ವಾರ ಕುಶಾಲನಗರದ ನಮ್ಮ ಆಫೀಸಿಗೆ ಒಂದು ಹಳೇ ಟಿವಿ ಬಂತು. ಮರದ ಪೆಟ್ಟಿಗೆ, ಮುಂದೆ ಎಳೆದು ಮುಚ್ಚುವ ಬಾಗಿಲು. ಜಾಹೀರಾತಿನ ಶೂಟಿಂಗಿಗೆಂದು ಸಾಹೇಬರು ವಿರಾಜಪೇಟೆಯ ಗುಜರಿ ಅಂಗಡಿಯಿಂದ ತರಿಸಿದ್ದರು. ಪ್ಲಗ್ ಹಾಕಿದರೆ ಚಿತ್ರ ಬರಲಿಲ್ಲ, ಬಿಸಿಯಾದ ಧೂಳಿನ ವಾಸನೆ ಮಾತ್ರ ಬಂತು. ನನಗೆ ಅಷ್ಟೇ ಸಾಕಾಯಿತು. ನನ್ನೂರು ಶನಿವಾರಸಂತೆಯ ಪುಡಿ ಅಕ್ಕ ಬಂದು ಎದುರಿಗೆ ನಿಂತ ಹಾಗಾಯಿತು...

ಅಕ್ಕನದು ಬಸ್‌ಸ್ಟ್ಯಾಂಡ್ ಪಕ್ಕ ಕಾಫಿಪುಡಿ ಅಂಗಡಿ. ನಮ್ಮಮ್ಮನಿಗಿಂತ ದೊಡ್ಡವರು. ಆದರೂ ಊರಿಗೆಲ್ಲ ಅಕ್ಕ, ಹಾಗಾಗಿ ನಮಗೂ ಅಕ್ಕ. ಆಗ ಇದ್ದುದು ಒಂದೇ ಚಾನೆಲ್. ನಮ್ಮ ಬೀದಿಗೆ ಇದ್ದುದೂ ಒಂದೇ ಟಿವಿ. ಅದು ಅಕ್ಕನ ಅಂಗಡಿಯಲ್ಲಿ, ಬೀದಿಗೆ ಮುಖ ಮಾಡಿ ಕೂತಿತ್ತು. ಪುಡಿ ಮಾಡುವ ಮಿಷನ್ನು ಓಡಿದರೆ ಪರದೆ ತುಂಬ ಗೆರೆ ಬೀಳುತ್ತಿತ್ತು. ಅದಕ್ಕೇ ಭಾನುವಾರ ಬೆಳಿಗ್ಗೆ ಧಾರಾವಾಹಿ ಶುರುವಾಯಿತೆಂದರೆ ಅಕ್ಕ ಮಿಷನ್ನು ನಿಲ್ಲಿಸಿಬಿಡುತ್ತಿದ್ದರು. ಪುಡಿಗೆ ಬಂದವರೂ ಕಾಯಬೇಕು. ಯಾರೂ ಗೊಣಗುತ್ತಿರಲಿಲ್ಲ, ಅವರಿಗೂ ಕಥೆ ಬೇಕಿತ್ತು.

ಜಾಹೀರಾತು ಬಂದರೆ ನಾವು ಮಕ್ಕಳು ಗಂಟಲು ಕಿತ್ತು ಹೋಗುವ ಹಾಗೆ ಅದರ ಜೊತೆಗೇ ಹಾಡುತ್ತಿದ್ದೆವು. ಅಕ್ಕ ನಗುತ್ತಿದ್ದರು. "ಹಾಡ್ ಕೇಳಿ ಒಂದ್ ಸಲ ತಗೋತಾರೆ ಕಣವ್ವ. ಎರಡ್ನೇ ಸಲ ಪುಡಿನೇ ಕರೀಬೇಕು."

ಕಥೆ ಬಿಗಿಯಾದ ಹೊತ್ತಿಗೇ ಚಿತ್ರ ಮಾಯವಾಗುತ್ತಿತ್ತು. ಪರದೆ ಮೇಲೆ 'ಅಡಚಣೆಗಾಗಿ ಕ್ಷಮಿಸಿ' ಎಂಬ ಅಕ್ಷರ. ಅಯ್ಯಯ್ಯೋ ಎಂದು ಬಾಯಿ ಬಡಿದುಕೊಳ್ಳುತ್ತಿದ್ದೆವೇ ಹೊರತು ಒಬ್ಬರೂ ಏಳುತ್ತಿರಲಿಲ್ಲ. ಆ ಅಕ್ಷರಗಳನ್ನೇ ನೋಡುತ್ತಾ ಕೂತಿರುತ್ತಿದ್ದೆವು...

ಒಂದು ಶುಕ್ರವಾರ ಸಂಜೆ ಮದುವೆ ಮನೆಯವರು ಹಂದಿ ಸಾರಿಗೆಂದು ಹುರಿದ ಕರಿಮೆಣಸು ತಂದರು. ಊರಿನ ಮಿಲ್ಲು ಕೆಟ್ಟಿತ್ತು. ಮದುವೆ ಮನೆಗೆ ಇಲ್ಲವೆನ್ನಲಾರದೆ ಅಕ್ಕ ಕಾಫಿ ಮಿಷನ್ನಿನಲ್ಲೇ ಪುಡಿ ಮಾಡಿಕೊಟ್ಟರು. ಆಮೇಲೆ ಒಂದು ಹಿಡಿ ಅಕ್ಕಿ ಹಾಕಿ ಓಡಿಸಿದ್ದರೆ ಮಿಷನ್ನು ಚೊಕ್ಕವಾಗುತ್ತಿತ್ತು. ಮರೆತರು. ಮರುದಿನ ಸಂತೆ, ಪುಡಿ ಭರಾಟೆಯಲ್ಲಿ ಹೋಯಿತು. ಮಧ್ಯಾಹ್ನ ತಾವೇ ಒಂದು ಲೋಟ ಕಾಫಿ ಬಾಯಿಗಿಟ್ಟಾಗ ಅಕ್ಕನಿಗೆ ಕೆಮ್ಮು ಹತ್ತಿಕೊಂಡಿತು.

ಕೆಮ್ಮು ನಿಂತದ್ದೇ ತಡ, ಒಂದು ಹಲಗೆಯ ಮೇಲೆ ಸುಣ್ಣದಲ್ಲಿ ದಪ್ಪಕ್ಕೆ ಬರೆದು ಬಾಗಿಲಿಗೆ ತೂಗುಹಾಕಿದರು: 'ಅಡಚಣೆಗಾಗಿ ಕ್ಷಮಿಸಿ. ಇವತ್ತಿನ ಪುಡಿಗೆ ಮೆಣಸು ಬಿದ್ದಿದೆ. ವಾಪಸ್ ತನ್ನಿ.'

ಪಕ್ಕದ ಬಟ್ಟೆ ಅಂಗಡಿಯವರು ಓಡಿ ಬಂದರು. "ಅಕ್ಕಾ, ತಲೆಗಿಲೆ ಕೆಟ್ಟಿದ್ಯಾ? ಯಾರ್ಗೂ ಗೊತ್ತಾಗಿಲ್ಲ ಇನ್ನೂ. ತೆಗೀರಿ ಅದನ್ನ, ಅಂಗ್ಡಿ ಮುಳುಗ್ತದೆ!"

"ತೆಗಿಯಲ್ಲ ಕಣಯ್ಯ. ಮುಳುಗಿದ್ರೆ ನನ್ನಂಗ್ಡಿ ತಾನೆ? ಚಿತ್ರ ನಿಂತಾಗ ಟಿವಿಯವ್ರು ಬಾಯ್ಮುಚ್ಕೊಂಡು ಕತ್ಲೆ ತೋರ್ಸಿದ್ರೆ ನೀನು ಎದ್ದು ಮನೆಗೋಗ್ತಿದ್ದೆ. ನಿಂತಿದೆ, ಕ್ಷಮ್ಸಿ ಅಂದ್ರು. ಅದಕ್ಕೇ ಕೂತ್ಕೊಂಡಿದ್ದೆ."

ಮುಂದಿನ ಸಂತೆಗೆ ಕೆಲವರು ಪುಡಿ ವಾಪಸ್ ತಂದರು, ಚೆನ್ನಾಗಿ ಬೈದರು ಕೂಡ. ಒಂದಿಬ್ಬರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಎಸ್ಟೇಟ್ ಕೂಲಿಯವರ ಲೈನ್‌ಮನೆಯ ಅಜ್ಜಿಯೊಬ್ಬರು ಮಾತ್ರ, "ಶೀತಕ್ಕೆ ಪಸಂದಾಗಿತ್ತು, ಅದ್ನೇ ಕೊಡವ್ವ" ಎಂದು ಹಟ ಹಿಡಿದು ನಿಂತರು. ಉಳಿದವರು ಮುಂದೆಯೂ ಅಕ್ಕನಲ್ಲಿಗೇ ಬಂದರು, ಅವರ ಮಕ್ಕಳೂ ಬಂದರು.

ನಮ್ಮ ಕಂಪನಿಯದೂ ಕಾಫಿಪುಡಿಯೇ. ಪ್ರಚಾರದ ಕೆಲಸ ನನ್ನದು. ಹೋದ ತಿಂಗಳು 'ಶುದ್ಧ ಕಾಫಿ' ಎಂಬ ಪ್ಯಾಕೆಟ್ಟಿಗೆ ಚಿಕೋರಿ ಬೆರೆತ ಪುಡಿ ತುಂಬಿ ಹೋಗಿತ್ತು. ದೂರು ಬರತೊಡಗಿತ್ತು. ಅದಕ್ಕೆ ಸಾಹೇಬರ ಉಪಾಯವೇ ಈ ಟಿವಿ. "ಮೇಡಂ, ಹಳೇ ಟಿವಿ, ಹಳೇ ಥರದ್ದೊಂದು ಹಾಡು. ಜನ ಕಣ್ಣೀರು ಹಾಕ್ಬೇಕು. ಚಿಕೋರಿ ವಿಷಯ ಎತ್ಲೇಬೇಡಿ."

ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಸುಳ್ಳಿಗೆ ಹೊದಿಸಲು ನನ್ನ ಬಾಲ್ಯವನ್ನು ನಾನೇ ತಂದುಕೊಡಬೇಕಂತೆ! ಆ ಕಾಲದ ಟಿವಿಯಿಂದ ಕಲಿಯುವುದಿದ್ದರೆ ಮರದ ಬಾಗಿಲನ್ನಲ್ಲ, ಹಾಡನ್ನೂ ಅಲ್ಲ. ಚಿತ್ರ ನಿಂತಾಗ ನಿಂತಿದೆ ಎಂದು ಹೇಳುವುದನ್ನು ಕಲಿಯಬೇಕು.

ಆ ಸತ್ತ ಟಿವಿಯ ಪರದೆಗೆ ಬಿಳಿ ಕಾಗದ ಅಂಟಿಸಿ ಬರೆದೆ: 'ಅಡಚಣೆಗಾಗಿ ಕ್ಷಮಿಸಿ. ನಮ್ಮ ಶುದ್ಧ ಕಾಫಿಗೆ ಚಿಕೋರಿ ಬಿದ್ದಿದೆ. ವಾಪಸ್ ತನ್ನಿ.' ಫೋಟೋ ತೆಗೆದು ಕಂಪನಿಯ ಪೇಜಿಗೆ ಹಾಕಿದೆ. ಸಾಹೇಬರು ಕೂಗಾಡಿದರು. ಈಗಲೇ ತೆಗೆಯದಿದ್ದರೆ ಕೆಲಸ ಉಳಿಯುವುದಿಲ್ಲ ಎಂದರು.

"ತೆಗಿಯಲ್ಲ ಸಾರ್," ಎಂದೆ. "ನನ್ನ ಜಾಗಕ್ಕೆ ಬೇರೆಯವ್ರನ್ನ ತಗೊಳ್ಳಿ. ಅವ್ರ ಕೈಲೇ ತೆಗ್ಸಿ."

ಇದನ್ನು ಬರೆಯುವ ಹೊತ್ತಿಗೆ ಆ ಫೋಟೋ ಪೇಜಿನಲ್ಲೇ ಇದೆ. ಜನ ಬೈಯುತ್ತಿದ್ದಾರೆ, ಪ್ಯಾಕೆಟ್ಟು ಬದಲಾಯಿಸಿ ಕೊಡಿ ಎಂದೂ ಕೇಳುತ್ತಿದ್ದಾರೆ. ನಾನು ಮನೆಯಲ್ಲಿದ್ದೇನೆ. ಕೆಲಸ ಹೋದರೆ ಹೋಗಲಿ!

ನಿನ್ನೆ ಶನಿವಾರಸಂತೆಗೆ ಹೋಗಿ ಬಂದೆ. ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಯಿತು; ಅವರ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಅಕ್ಕ ತೀರಿಕೊಂಡ ದಿನವೂ ಅಲ್ಲಿಗೆ ಹೋಗಿದ್ದೆ. ಬಾಗಿಲು ಹಾಕಿತ್ತು, ಬೋರ್ಡು ಇರಲಿಲ್ಲ. ಪುಡಿಗೆ ಮೆಣಸು ಬಿದ್ದರೂ ಬರೆದು ತೂಗುಹಾಕಿದವರು ತಮ್ಮ ಸಾವಿಗೆ ಮಾತ್ರ ಏನೂ ಬರೆಯದೆ ಹೋಗಿಬಿಟ್ಟರು... ಬರೆದಿದ್ದರೆ ನಾನು ಇವತ್ತಿಗೂ ಆ ಬಾಗಿಲ ಮುಂದೆ ಕಾಯುತ್ತಾ ಕೂತಿರುತ್ತಿದ್ದೆ.