ಸುತ್ತಿಟ್ಟ ತಂತಿ

ಲ್ಯಾಬಿನಲ್ಲಿ ನನಗೆ ಅಚ್ಚುಕಟ್ಟಮ್ಮ ಎಂದು ಅಡ್ಡಹೆಸರಿತ್ತು. ಪಿಎಚ್.ಡಿ ಮುಗಿಸಿ ಬೆಂಗಳೂರಿನಲ್ಲಿ ಪೋಸ್ಟ್‌ಡಾಕ್ ಸಂಶೋಧನೆ ಮಾಡುತ್ತಿದ್ದ ಎರಡು ವರ್ಷಗಳ ಮಾತಿದು. ಉಳಿದವರ ಮೇಜಿನ ಮೇಲೆ ತಂತಿಗಳು ಕಂಡಕಂಡಲ್ಲಿ ಜೋತಾಡುತ್ತಿದ್ದವು, ನನ್ನ ಮೇಜಿನ ಮೇಲೆ ಒಂದೂ ಹಾಗಿರುತ್ತಿರಲಿಲ್ಲ. ನಕ್ಕವರನ್ನು ನಾನೂ ಸುಮ್ಮನೆ ಬಿಡುತ್ತಿರಲಿಲ್ಲ. ನಿಮ್ಮಂಥವರನ್ನು ಇಳಕಲ್ಲಿನ ಮಗ್ಗದ ಮನೆಯಲ್ಲಿ ಹೊಸ್ತಿಲು ದಾಟಲೂ ಬಿಡುವುದಿಲ್ಲ ಎನ್ನುತ್ತಿದ್ದೆ.

ನಮ್ಮದು ಅಂಥದೇ ಮನೆ. ಅಪ್ಪ ಸೀರೆ ನೇಯುತ್ತಿದ್ದ, ಅವ್ವ ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆ. ಅದಕ್ಕೆ ನೂಲು ಸುತ್ತಿಕೊಡದಿದ್ದರೆ ನೇಯುವವನ ಕೈ ನಿಂತುಹೋಗುತ್ತದೆ. ಶಾಲೆಯಿಂದ ಬಂದು ಚೀಲ ಇಟ್ಟವಳೇ ನಾನು ಅವ್ವನ ಪಕ್ಕ ಕೂರಬೇಕಿತ್ತು.

"ಎಳಿ ಜೋತು ಬಿಡಬ್ಯಾಡ. ಉಳದದ್ದು ಕಡೀಬ್ಯಾಡ, ಸುತ್ತಿಡು," ಎನ್ನುತ್ತಿದ್ದಳು. ಒಂದು ಸುತ್ತು ಇನ್ನೊಂದರ ಮೇಲೆ ಏರಿದರೂ ಪೂರಾ ಬಿಚ್ಚಿಸುವಳು. ಆಗ ಮೈಯೆಲ್ಲ ಉರಿಯುತ್ತಿತ್ತು. ಈಗ ಆ ಸಂಜೆಗಳು, ಬಣ್ಣ ಹತ್ತಿದ ಅವಳ ಉಗುರುಗಳು, ಒಲೆಯ ಮೇಲೆ ಉಬ್ಬುವ ರೊಟ್ಟಿಯ ವಾಸನೆ ನೆನಪಾಗುತ್ತವೆ. ಇನ್ನೊಂದು ಸಲ ಬಿಚ್ಚಿಸಿದರೂ ಬೇಜಾರಿಲ್ಲ, ಆ ವಯಸ್ಸು ಬರಲಿ ಅನಿಸುತ್ತದೆ.

ಲ್ಯಾಬಿನಲ್ಲಿ ನನ್ನ ಕೆಲಸವಿದ್ದದ್ದು ಸಾವಯವ ಅರೆವಾಹಕಗಳ ಮೇಲೆ. ಇಂಗಾಲದ ಸಂಯುಕ್ತಗಳಿಂದ ಆದ, ನೋಡಲು ಬಣ್ಣದಂತಿರುವ ವಸ್ತುಗಳು ಅವು. ಅವುಗಳ ತೀರ ತೆಳುವಾದ ಪದರದಲ್ಲೂ ವಿದ್ಯುತ್ ಹರಿಯುತ್ತದೆ. ಹರಿಯುವ ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣವಿರುವುದರಿಂದ ಅದು ಪುಟ್ಟ ಅಯಸ್ಕಾಂತದ ಹಾಗೆ ವರ್ತಿಸುತ್ತದೆ. ಹೊರಗಿನ ಅಯಸ್ಕಾಂತದ ಬಲವನ್ನು ಏರಿಸಿ ಇಳಿಸಿ, ಪದರದೊಳಗಿನ ವಿದ್ಯುತ್ ಅದರಿಂದ ಎಷ್ಟು ಬದಲಾಯಿತು ಎಂದು ಅಳೆಯುವುದೇ ನನ್ನ ದಿನಚರಿ. ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಅವ್ವ ಗಾಬರಿಯಾಗಿದ್ದಳು. "ಬಣ್ಣದಾಗ ಕರೆಂಟ್ ಹರೀತೈತೇನು? ಮುಟ್ಟಿಗಿಟ್ಟೀಯವ್ವಾ, ಜ್ವಾಕಿ."

ಎರಡನೆಯ ವರ್ಷ ಮುಗಿಯುತ್ತ ಬಂದರೂ ಹೇಳಿಕೊಳ್ಳುವಂಥದ್ದು ಏನೂ ಸಿಕ್ಕಿರಲಿಲ್ಲ. ಗಟ್ಟಿಯಾದ ಒಂದು ಫಲಿತಾಂಶ ತೋರಿಸಿದರೆ ಮಾತ್ರ ಇನ್ನೊಂದು ವರ್ಷ ಸಿಗುತ್ತಿತ್ತು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಅಂಥ ಹೊತ್ತಿನಲ್ಲಿ ಹೊಸದಾಗಿ ಮಾಡಿದ ಒಂದು ಪದರ ನನ್ನ ಕೈ ಹಿಡಿಯಿತು. ಅಯಸ್ಕಾಂತದ ಬಲ ಏರಿದ ಹಾಗೆ ಪರದೆಯ ಮೇಲಿನ ಗೆರೆ ಚಂಗನೆ ಎದ್ದಿತು. ಮತ್ತೆ ಮಾಡಿದೆ, ಮತ್ತೆ ಎದ್ದಿತು. ಅವ್ವನಿಗೆ ಫೋನ್ ಮಾಡಿದೆ. ಅವಳು ಓಣಿಗೆಲ್ಲ ಸಕ್ಕರೆ ಹಂಚಿದಳು.

ನಮ್ಮ ಗೈಡ್ ಮೈಸೂರಿನ ಕಡೆಯವರು, ಮೆತ್ತಗಿನ ಮಾತಿನ ಹಿರಿಯರು. ಗೆರೆಯನ್ನು ಎರಡು ದಿನ ನೋಡಿ, "ಅಯಸ್ಕಾಂತದ ಬಲವನ್ನ ನಡುವೆ ಒಂದು ಕಡೆ ನಿಲ್ಲಿಸಿ ನೋಡೋಣಮ್ಮ," ಎಂದರು. ನಿಲ್ಲಿಸಿದೆ. ಗೆರೆ ಕೆಳಗೆ ಬಿತ್ತು. ಏರಿಸಿದಾಗ ಎದ್ದಿತು, ನಿಲ್ಲಿಸಿದಾಗ ಮತ್ತೆ ಬಿತ್ತು. ಅವರು ಉಪಕರಣದ ಮುಚ್ಚಳ ತೆಗೆದರು.

ಪದರಕ್ಕೆ ಜೋಡಿಸಿದ್ದ ತಂತಿ ಉದ್ದವಾಗಿತ್ತು. ನಾನು ಅದನ್ನು ಕಡಿಯದೆ, ಜೋತು ಬಿಡದೆ, ಕಂಡಿಕೆಯ ಹಾಗೆ ಸುತ್ತಿ ಅಲ್ಲೇ ಕೂರಿಸಿದ್ದೆ. ಸುತ್ತಿದ ತಂತಿಯ ಬಳಿ ಅಯಸ್ಕಾಂತದ ಬಲ ಬದಲಾಗುತ್ತಿದ್ದರೆ ಆ ತಂತಿಯಲ್ಲೇ ವಿದ್ಯುತ್ ಹುಟ್ಟುತ್ತದೆ. ಗೆರೆ ತೋರಿಸಿದ್ದು ಅದನ್ನೇ, ಪದರದ್ದನ್ನಲ್ಲ. ಹತ್ತನೇ ತರಗತಿಯ ಪಾಠ. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮಹಾತಾಯಿಗೆ ಅದು ಹೊಳೆದಿರಲಿಲ್ಲ. ಸುತ್ತು ಬಿಚ್ಚಿ ಅಳೆದೆವು. ಗೆರೆ ಮೇಲೇಳಲೇ ಇಲ್ಲ.

ಸರ್ ಆ ತಂತಿಯ ಸುರುಳಿಯನ್ನು ಬಿಚ್ಚುವ ಮುಂಚೆ ಬೆಳಕಿಗೆ ಹಿಡಿದು ನೋಡಿದ್ದರು. "ಎಷ್ಟು ಅಂದವಾಗಿ ಸುತ್ತಿದ್ದೀರಮ್ಮ. ಯಾರು ಕಲಿಸಿದ್ದು?"

"ಯಾರೂ ಇಲ್ಲ ಸರ್, ನನ್ನದೇ ಅಭ್ಯಾಸ," ಎಂದಿದ್ದೆ. ತಪ್ಪಿನ ಪಕ್ಕದಲ್ಲಿ ಅವ್ವನನ್ನು ನಿಲ್ಲಿಸಲು ಮನಸ್ಸಾಗಲಿಲ್ಲ.

ವರ್ಷ ಸಿಗಲಿಲ್ಲ. ಈಗ ಬಾಗಲಕೋಟೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಶನಿವಾರ ಹುನಗುಂದದ ಮೇಲೆ ಹಾಯ್ದು ಊರಿಗೆ ಹೋಗುತ್ತೇನೆ. ಮಷೀನ್ ಕೆಟ್ಟಿತ್ತು ಎಂದು ಅವ್ವನಿಗೆ ಹೇಳಿದ ಸುಳ್ಳನ್ನು ಬಹಳ ದಿನ ಹಾಗೇ ನಡೆಸಿಕೊಂಡು ಬಂದೆ. ಹೋದ ತಿಂಗಳು ಕಂಡಿಕೆ ಸುತ್ತುತ್ತಿದ್ದ ಅವಳ ಪಕ್ಕ ಕೂತಿದ್ದಾಗ ತಡೆಯಲಾಗಲಿಲ್ಲ.

"ಅವ್ವಾ, ಮಷೀನ್ ಕೆಟ್ಟಿರಲಿಲ್ಲ. ಉಳದ ತಂತಿ ಸುತ್ತಿಟ್ಟಿದ್ದೆ. ಅದರಿಂದ ತಪ್ಪಾತು."

ಅವಳ ಕೈ ನಿಂತಿತು. "ನಾ ಕಲಿಸಿದಂಗ ಸುತ್ತಿದ್ದೇನು?"

"ಹೂಂ."

"ನಿಮ್ಮ ಸರ್ ಬೈದ್ರೇನು?"

"ಇಲ್ಲಬೇ. ಭಾಳ ಚಂದ ಸುತ್ತೀರಿ, ಯಾರು ಕಲಿಸಿದ್ರು ಅಂತ ಕೇಳಿದ್ರು."

"ನೀ ಏನಂದಿ?"

"ನಿನ್ನ ಹೆಸರು ತರಲಿಲ್ಲ," ಎಂದೆ, ಅವಳಿಗೆ ಸಮಾಧಾನವಾಗಲೆಂದು. "ಯಾರೂ ಕಲಿಸಿಲ್ಲ ಅಂದೆ."

ಅವ್ವ ಕೈಯಲ್ಲಿದ್ದ ಕಂಡಿಕೆಯನ್ನು ಕೆಳಗಿಟ್ಟಳು. ಆಮೇಲೆ ನನ್ನತ್ತ ನೋಡದೆ ಹೇಳಿದಳು. "ಇಷ್ಟ ವರ್ಷದಾಗ ಇದನ್ನ ಯಾರು ಕಲಿಸಿದ್ರು ಅಂತ ಒಬ್ಬರೂ ಕೇಳಿದ್ದಿಲ್ಲ. ಅವರು ಕೇಳಿದ್ರು. ನಮ್ಮವ್ವ ಅನ್ನಾಕ ನಿನಗೇನಾಗಿತ್ತವ್ವಾ?"

ವರ್ಷ ಕೈತಪ್ಪಿದಾಗ ಅಳದಿದ್ದ ನಾನು ಅವತ್ತು ಅವಳ ಮುಂದೆ ಕೂತು ಅತ್ತೆ.