ಕಾಟನ್ ಅಲ್ಲ ಅಂದ ಸಪ್ಪಲಮ್ಮ

ಬೆಳಗಿನ ಆರು ಗಂಟೆ. ಹನುಮಂತನಗರದ ತಿರುವೊಂದರಲ್ಲಿ, ಹೊಂಗೆಮರದ ಕೆಳಗೆ ಸಪ್ಪಲಮ್ಮ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಾರೆ. ಗಂಟು ಬಿಚ್ಚಿ ಒಂದೊಂದೇ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ರಾಶಿ ಮಾಡುತ್ತಾರೆ. ಹತ್ತಿಗೆ ನೀರು ಚಿಮುಕಿಸಿ, ಚೆನ್ನಾಗಿ ಕಾದ ಪೆಟ್ಟಿಗೆ. ರೇಷ್ಮೆಗೆ ಒಳಮಗ್ಗುಲಿನಿಂದ ಹದವಾದ ಬಿಸಿ. ಪಾಲಿಯೆಸ್ಟರ್ ಸರದಿ ಪೆಟ್ಟಿಗೆ ತಣಿಯುತ್ತ ಬಂದ ಮೇಲೆ. ದಿನಕ್ಕೆ ನೂರಿಪ್ಪತ್ತು ಬಟ್ಟೆ.

ವಯಸ್ಸು ಐವತ್ತಾರು. ಹದಿನಾಲ್ಕು ವರ್ಷ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಮಾಡಿದವರು. ಅದು ಮುಚ್ಚಿದಾಗ ಈ ಇಸ್ತ್ರಿ ಗಾಡಿ ಹಿಡಿದರು. ಮುಂಗೈ ತುಂಬ ಸುಟ್ಟ ಕಲೆಗಳಿವೆ.

ಕಳೆದ ಜೂನ್‌ನಲ್ಲಿ ಬಡಾವಣೆಯ ಶಾಲೆಯೊಂದು ಮಕ್ಕಳಿಗೆ ಹೊಸ ಸಮವಸ್ತ್ರ ಕೊಟ್ಟಿತು. ಲೇಬಲ್ ಮೇಲೆ ‘ಶುದ್ಧ ಹತ್ತಿ’. ಅದನ್ನು ನಂಬಿ ಕಾದ ಪೆಟ್ಟಿಗೆ ಇಟ್ಟರೆ, ಇಸ್ತ್ರಿಗೆ ಬಂದ ಮೊದಲ ಅಂಗಿಯೇ ಅಂಟಿಕೊಂಡಿತು. ಅದೇ ವಾರ ಎದುರುಮನೆಯ ಸೌಮ್ಯ, ಆ ಶಾಲೆಗೆ ಹೋಗುವ ತಮ್ಮ ಮಗಳ ಕುತ್ತಿಗೆ ತೋರಿಸಿದರು. ಬೆವರಿಗೆ ಕೆಂಪಗೆ ದದ್ದೆದ್ದಿತ್ತು.

“ಡಾಕ್ಟ್ರು ಕಾಟನ್ ಹಾಕಿ ಅಂತಾರೆ ಅಕ್ಕ. ಹಾಕಿರೋದು ಕಾಟನ್ನೇ ಅಲ್ವಾ?”

“ಯಾರಮ್ಮ ಹೇಳಿದ್ದು ಕಾಟನ್ ಅಂತ?”

ಇಬ್ಬರೂ ಪೋಷಕರ ಸಭೆಗೆ ಹೋದರು. ಇದು ಕಾಟನ್ ಅಲ್ಲ ಎಂದು ಸಪ್ಪಲಮ್ಮ ಹೇಳಿದ್ದೇ ತಡ, ಬಟ್ಟೆ ಪೂರೈಸಿದ ಚಿದಾನಂದ್ ನಕ್ಕುಬಿಟ್ಟರು. “ಇಸ್ತ್ರಿ ಹಾಕೋರಿಗೆ ಬಟ್ಟೆ ವಿಷ್ಯ ಏನಮ್ಮ ಗೊತ್ತು? ಲೇಬಲ್ ಓದಕ್ಕೆ ಬರುತ್ತಾ?”

ದಿನವಿಡೀ ಬಟ್ಟೆ ಮುಟ್ಟುವ ಕೈಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಸಭೆ ತುಂಬ ಓದಿದವರೇ ಇದ್ದರು. ಅವರೆಲ್ಲ ಲೇಬಲ್ಲನ್ನೇ ನಂಬಿದ್ದರು.

ಸಪ್ಪಲಮ್ಮ ತಂದಿದ್ದ ಸಮವಸ್ತ್ರದ ಅಂಗಿಯ ಅಂಚಿನಿಂದ ಎಳೆಯೊಂದನ್ನು ಕಿತ್ತು ಕಡ್ಡಿ ಗೀರಿದರು. ಎಳೆ ಮುದುರಿ, ಕರಗಿ, ಕಪ್ಪು ಗುಂಡಾಗಿ ಗಟ್ಟಿಯಾಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಹರಡಿತು. ಆಮೇಲೆ ತಮ್ಮದೇ ನೂಲಿನ ಸೀರೆಯಿಂದ ಒಂದೆಳೆ ತೆಗೆದು ಸುಟ್ಟರು. ಕಾಗದ ಸುಟ್ಟ ವಾಸನೆ, ಬೆರಳಿಗೆ ಹತ್ತಿದ್ದು ಬರೀ ಬೂದಿ.

“ಇದು ಹತ್ತಿ ಸಾರ್. ಅದು ನಿಮ್ದು.”

ಎರಡೇ ವಾರದಲ್ಲಿ ಸಮವಸ್ತ್ರ ಬದಲಾಯಿತು, ಮಗುವಿನ ದದ್ದು ಇಳಿಯಿತು. ಶಾಲೆಯ ಸುತ್ತೋಲೆ ಮಾತ್ರ ‘ಆಡಳಿತ ಮಂಡಳಿಯ ಮುತುವರ್ಜಿ’ಯನ್ನು ಹೊಗಳಿತು. ಸಪ್ಪಲಮ್ಮನ ಹೆಸರು ಒಂದು ಸಾಲಿನಲ್ಲೂ ಇಲ್ಲ. ಚಿದಾನಂದ್ ಮೇಲೆ ಯಾರೂ ದೂರು ಕೊಡಲಿಲ್ಲ. ಈ ವರ್ಷ ಅವರು ಇನ್ನೊಂದು ಶಾಲೆಗೆ ಬಟ್ಟೆ ಪೂರೈಸುತ್ತಿದ್ದಾರೆ.

ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ. ಮಡಿಸಿದ ಅಂಗಿಯ ಕಾಲರ್ ನೇರ ಮಾಡುತ್ತ ಸಪ್ಪಲಮ್ಮ ತಲೆ ಎತ್ತುತ್ತಾರೆ.

“ನನ್ ಹೆಸ್ರು ಕಟ್ಕೊಂಡು ಏನ್ ಮಾಡ್ಲಿ ಸಾರ್? ಬಟ್ಟೆ ಮೇಲೆ ಅದರ ನಿಜವಾದ ಹೆಸ್ರು ಹಾಕ್ಲಿ, ಸಾಕು.”