ಅಂಚೆಯಲ್ಲಿ ಬಂದ ಚೀಸು, ಅವ್ವನ ಬೆಣ್ಣೆ

ಮಹಾಯುದ್ಧ ಶುರುವಾಗುವುದರ ಹಿಂದಿನ ವರ್ಷ ನಮ್ಮ ಅಕ್ಕನನ್ನು ನೋಡಲು ಹಾನಗಲ್ಲಿನಿಂದ ಗಂಡಿನ ಕಡೆಯವರು ಹತ್ತಿಮತ್ತೂರಿಗೆ ಬರುವವರಿದ್ದರು. ಮ್ಯಾಟ್ರಿಕ್ಕಿನಲ್ಲಿ ಎರಡು ಸಲ ನಪಾಸಾಗಿ, ಊರಿಗೆಲ್ಲ ಬುದ್ಧಿ ಹೇಳುವ ಕೆಲಸ ಹಿಡಿದಿದ್ದ ನನಗೆ ಒಂದೇ ಚಿಂತೆ. ವರ ಧಾರವಾಡದ ಕಾಲೇಜಿನಲ್ಲಿ ಓದಿದವರು. ಅವರ ಮುಂದೆ ನಾವು ಹಳ್ಳಿಗಮಾರರಂತೆ ಕಾಣಬಾರದು. ಮುಂಬಯಿಯ ಅಂಗಡಿಯೊಂದರ ಕ್ಯಾಟಲಾಗು ನೋಡಿ, ಯಾರಿಗೂ ಹೇಳದೆ ಅಂಚೆಯಲ್ಲಿ ಎರಡು ಬಗೆಯ ವಿಲಾಯಿತಿ ಚೀಸು ತರಿಸಿದೆ.

ಪಾರ್ಸಲ್ಲು ಕೊಡುವಾಗ ಪೋಸ್ಟಮನ್ ಮೂಗು ಮುಚ್ಚಿಕೊಂಡು, "ಏನ್ ತರಿಸೀರಿ ಸಣ್ಣ ಗೌಡ್ರ? ಒಳಗ ಹೆಗ್ಗಣ ಸತ್ತೈತೇನ್ರಿ?" ಎಂದ.

"ನಿನಗೇನ್ ತಿಳೀತೈತಿ? ಇದು ದೊರಿಗೋಳು ತಿನ್ನೋದು" ಎಂದು ಗದರಿಸಿದೆ.

ಹಿತ್ತಲಿನಲ್ಲಿ ಕೂತು ರುಚಿ ನೋಡಿದೆ. ಮೊದಲನೆಯದು ಕೆಂಪು ಗುಂಡು. ಮೇಲಿನದು ಮೇಣವೆಂದು ತಿಳಿಯದೆ ಸಿಪ್ಪೆ ಸಮೇತ ಅಗಿದೆ. ಹಲ್ಲು ಅಂಟಿಕೊಂಡು ಸಂಜೆಯವರೆಗೆ ಮೂಕನಾದೆ. ಎರಡನೆಯದು ಬೆಣ್ಣೆಯಂತೆ ಬೆಳ್ಳಗೆ, ಮೆತ್ತಗೆ. ಅದನ್ನು ಬಾಯಿಗಿಟ್ಟೆನೋ ಇಲ್ಲವೋ, ತೀರಿಹೋದ ಏಳು ತಲೆಮಾರಿನವರು ಒಟ್ಟಿಗೆ ಎದ್ದು ಕೂತರು. ಆದರೆ ನಾತ ಹೆಚ್ಚಿದಷ್ಟೂ ಮಾಲು ಉತ್ತಮವೆಂದು ಕ್ಯಾಟಲಾಗಿನಲ್ಲಿ ಬರೆದಿತ್ತಲ್ಲ! ಕಣ್ಣೀರು ಒರೆಸಿಕೊಂಡು ಮೆಚ್ಚಿಕೊಂಡೆ.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಆ ಮನೆಯ ಬೆಣ್ಣೆಯನ್ನೂ ನೋಡುತ್ತಾರೆ. ಅವ್ವನ ಬೆಣ್ಣೆಯಂತೂ ಓಣಿಗೆಲ್ಲ ಹೆಸರಾಗಿತ್ತು. ಅಂದು ಅಕ್ಕನನ್ನು ನೋಡಿಯಾದ ಮೇಲೆ ಎಲ್ಲರೂ ಊಟಕ್ಕೆ ಕೂತರು. ನಾನು ಅಡುಗೆಮನೆಗೆ ನುಗ್ಗಿ, ಬೀಗರ ರೊಟ್ಟಿಯ ಮೇಲಿನ ಬೆಣ್ಣೆ ತೆಗೆದು ಆ ಬಿಳಿ ಚೀಸಿನ ಉಂಡೆ ಇಟ್ಟೆ. ಅವರು ತಿಂದು ಬೆರಗಾದ ಮೇಲೆ ಮೀಸೆ ತಿರುವುತ್ತ ಗುಟ್ಟು ಹೇಳುವ ವಿಚಾರ.

ವರನ ಅಜ್ಜಿ ಮೊದಲ ತುತ್ತನ್ನೇ ಸೆರಗಿಗೆ ಉಗುಳಿದರು. "ಯವ್ವಾ! ಇದೆಂಥಾ ಬೆಣ್ಣಿರಿ? ಇಂಥಾದ್ದನ್ನ ಮಂದಿಗೆ ಹೆಂಗ ನೀಡೀರಿ?"

ವರನ ಅಪ್ಪ ತಾಟು ದೂಡಿದರು. ಬಾಗಿಲ ಮರೆಯಲ್ಲಿದ್ದ ಅಕ್ಕನ ಬಳೆ ಸದ್ದು ನಿಂತಿತು.

ಅವ್ವ ತಾಟು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಎರಡು ದಿನದಿಂದ ನನ್ನ ಟ್ರಂಕಿನಿಂದ ಬರುತ್ತಿದ್ದ ನಾತ ಅವಳಿಗೆ ಗುರುತು ಸಿಕ್ಕಿತು. ನಾನೇ ಮಾಡಿದ್ದೆಂದು ನಾನು ಹೇಳಬೇಕಿತ್ತು. ಊರಿಗೆಲ್ಲ ಬಡಬಡಿಸುವ ಬಾಯಿಗೆ ಮತ್ತೆ ಮೇಣ ಮೆತ್ತಿತ್ತು. ಯಾರು ಮಾಡಿದ್ದೋ, ಏನು ಹಾಕಿದ್ದೋ ಗೊತ್ತಿಲ್ಲದ ಪರದೇಶದ ಪದಾರ್ಥ ತಿನ್ನಿಸಿದ್ದು ತಿಳಿದರೆ ಆ ಕಟ್ಟುನಿಟ್ಟಿನ ಮಂದಿ ಆಗಲೇ ಗಾಡಿ ಹೂಡುತ್ತಿದ್ದರು. ಅದು ಅವ್ವನಿಗೂ ಗೊತ್ತಿತ್ತು.

"ತಪ್ಪಾತ್ರಿ ಯವ್ವಾ. ಬೆಣ್ಣಿ ಕೆಟ್ಟಿತ್ತು, ನಾನ ನೋಡ್ಲಿಲ್ಲ" ಎಂದು ಕೈಮುಗಿದಳು.

ಅಜ್ಜಿ ನೀರು ಕುಡಿದು ಬಾಯಿ ಒರೆಸಿಕೊಂಡು, "ಇರ್ಲಿ ಬಿಡ್ರಿ. ಬೆಣ್ಣಿ ಕೆಟ್ಟರ ಕೆಡ್ಲಿ, ಹುಡುಗಿ ಛಲೋ ಅದಾಳ" ಎಂದರು.

ಮದುವೆಯಾಯಿತು. ಅಂದಿನಿಂದ ಆ ಅಜ್ಜಿ, ಹಾನಗಲ್ಲಿನಿಂದ ಯಾರೇ ಬರಲಿ, ಒಂದು ಗಡಿಗೆ ಬೆಣ್ಣೆ ಕಳಿಸುತ್ತಾರೆ. ಜೊತೆಗೊಂದು ಮಾತು: "ಪಾಪ, ನಿಮ್ಮ ಮನ್ಯಾಗ ಬೆಣ್ಣಿ ಹದಾ ಬರಂಗಿಲ್ಲ." ಅವ್ವ ಎರಡೂ ಕೈ ಚಾಚಿ ತೆಗೆದುಕೊಂಡು, ಮೊದಲ ಉಂಡೆಯನ್ನು ನನ್ನ ರೊಟ್ಟಿಯ ಮೇಲೆ ಇಡುತ್ತಾಳೆ.

ಅಜ್ಜಿಗೆ ಓದು ಬರದು. ಆದರೆ ಇದು ಅಚ್ಚಾಗುವ ಪತ್ರಿಕೆಯನ್ನು ಭಾವ ತರಿಸುತ್ತಾರೆ. ಅಜ್ಜಿಯ ಮುಂದೆ ಕೂತು ಓದಿ ಹೇಳಲಿ: ನಮ್ಮವ್ವನ ಬೆಣ್ಣೆ ಒಂದು ದಿನವೂ ಕೆಟ್ಟಿರಲಿಲ್ಲ.